ಕುಂಕುಮ ನುಂಗಿದ ಕೆಂಪು ಗಾಜು

ಗೋಕಾಕ ಫಾಲ್ಸಿಗೆ ಹೋದ ದಿನ ಚಿಗವ್ವನದೊಂದು ಫೋಟೊ ತೆಗೆದಿದ್ದೆ. ಕಪ್ಪು-ಬಿಳುಪು ಫಿಲಂ, ಲೆನ್ಸಿನ ಮುಂದೆ ಕೆಂಪು ಫಿಲ್ಟರ್. ಆಕಾಶ ಕಪ್ಪಗೆ ಬರಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಪ್ರಿಂಟ್ ಕೈಗಿಟ್ಟಾಗ ಚಿಗವ್ವ ಆಕಾಶ ನೋಡಲಿಲ್ಲ. “ನನ್ನ ಹಣಿ ಮ್ಯಾಲಿನ ಕುಂಕುಮ ಎಲ್ಲಿ ಹೋತೋ ತಮ್ಮಾ?” ಅಂದಳು. ರೂಪಾಯಿ ಅಗಲದ ಕುಂಕುಮ ಹಣೆಯ ಬಣ್ಣದಲ್ಲೇ ಕರಗಿಹೋಗಿತ್ತು. ಮುತ್ತೈದೆಯ ಕೈಗೆ ಅಂಥ ಫೋಟೊ ಕೊಟ್ಟೆನಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕೆಂಪು ಫಿಲ್ಟರ್ ಹಾಕಿದರೆ ಕೆಂಪು ಎದ್ದು ಕಾಣುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಡೆಯುವುದು ಇದರ ಉಲ್ಟಾ. ಫಿಲ್ಟರ್ ತನ್ನದೇ ಬಣ್ಣದ ಬೆಳಕನ್ನು ಒಳಗೆ ಬಿಡುತ್ತದೆ, ಎದುರು ಬಣ್ಣವನ್ನು ತಡೆಯುತ್ತದೆ. ಹಾಗಾಗಿ ಫೋಟೊದಲ್ಲಿ ತನ್ನ ಬಣ್ಣ ಬೆಳ್ಳಗಾಗುತ್ತದೆ, ಎದುರಿನದು ಕಪ್ಪಾಗುತ್ತದೆ. ಕುಂಕುಮದಿಂದ ಕೆಂಪು ಬೆಳಕು ಧಾರಾಳವಾಗಿ ಬರುತ್ತದೆ, ನಮ್ಮ ಗೋಧಿ ಮೈಬಣ್ಣದಿಂದಲೂ ಬರುತ್ತದೆ. ಕೆಂಪು ಗಾಜಿನ ಹಿಂದೆ ಎರಡೂ ಒಂದೇ ಬೂದು. ಅದೇ ಮುಖವನ್ನು ಹಳದಿ-ಹಸಿರು ಫಿಲ್ಟರಿನಲ್ಲಿ ತೆಗೆದಿದ್ದರೆ ಕುಂಕುಮ ಕಪ್ಪಾಗಿ, ಗುಂಡಗೆ ನಿಲ್ಲುತ್ತಿತ್ತು.

ಅಜ್ಜ-ಅಜ್ಜಿಯರ ಕಾಲದ ಸ್ಟುಡಿಯೊ ಫೋಟೊಗಳಲ್ಲಿ ಕುಂಕುಮ ಇದ್ದಲಿನಷ್ಟು ಕಪ್ಪಾಗಿರುವುದನ್ನು ನೀವು ಕಂಡಿರಬಹುದು. ಫೋಟೊಗೆಂದೇ ಕಪ್ಪು ಬೊಟ್ಟು ಇಡುತ್ತಿದ್ದರು ಎಂದು ಹೇಳುವವರಿದ್ದಾರೆ. ಅದಕ್ಕಿಂತ ಸರಳ ಕಾರಣವಿದೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲಮ್ಮಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ, ಆದ್ದರಿಂದ ಕುಂಕುಮವೂ ತುಟಿಯೂ ಕಪ್ಪಾಗುತ್ತಿದ್ದವು. ಈಗ ಸಿಗುವ ಎಚ್‌ಪಿ5, ಟ್ರೈ-ಎಕ್ಸ್‌ನಂಥ ಫಿಲಮ್ಮುಗಳು ಪ್ಯಾನ್‌ಕ್ರೊಮ್ಯಾಟಿಕ್, ಎಲ್ಲ ಬಣ್ಣವೂ ಅವಕ್ಕೆ ಕಾಣುತ್ತದೆ. ಆರ್ಥೊ ಫಿಲಂ ಈಗಲೂ ಸಿಗುತ್ತದೆ. ಅದಕ್ಕೆ ಕೆಂಪು ಫಿಲ್ಟರ್ ಹಾಕಿದರೆ ನೆಗೆಟಿವ್ ಖಾಲಿಯೇ ಬರುತ್ತದೆ.

ಫಿಲ್ಟರ್ ತನ್ನ ಬಣ್ಣವನ್ನೇ ಎತ್ತಿ ತೋರಿಸುತ್ತದೆ ಎಂಬ ತಪ್ಪು ನಮ್ಮ ಭಾಗದ ಜಾತ್ರೆಗಳಲ್ಲಿ ಭಂಡಾರ ತೂರುವಾಗ ಇನ್ನೊಂದು ರೂಪದಲ್ಲಿ ಆಗುತ್ತದೆ. ಭಂಡಾರದ ಅರಿಷಿಣ ಹಳದಿ, ಆದ್ದರಿಂದ ಹಳದಿ ಫಿಲ್ಟರ್ ಹಾಕೋಣ ಎಂದು ಹೊರಡುತ್ತಾರೆ. ಆಗ ಭಂಡಾರ ಬೆಳ್ಳಗಾಗಿ ಧೋತರ, ಪಟಕದ ಬಿಳುಪಿನೊಳಗೆ ಸೇರಿಹೋಗುತ್ತದೆ. ಕಿತ್ತಳೆ, ಕೆಂಪು ಹಾಕಿದರೂ ಗತಿ ಅದೇ. ಹಳದಿಯನ್ನು ಗಾಢವಾಗಿ ತೋರಿಸುವುದು ನೀಲಿ ಫಿಲ್ಟರ್ ಮಾತ್ರ, ಅದನ್ನು ಚೀಲದಲ್ಲಿ ಇಟ್ಟುಕೊಂಡವರೇ ಕಡಿಮೆ. ಇಲ್ಲದಿದ್ದರೆ ಫಿಲ್ಟರ್ ತೆಗೆದೇ ಹೊಡೆಯಿರಿ. ಹಿಂದೆ ನೆರಳಿನ ಗೋಡೆಯೋ ಮರವೋ ಇರುವಂತೆ ನಿಂತರೆ ಭಂಡಾರದ ಮೋಡ ತಾನಾಗಿಯೇ ಕಾಣುತ್ತದೆ.

ಕೆಂಪು ಫಿಲ್ಟರ್ ಯಾವ ಆಕಾಶವನ್ನಾದರೂ ಕಪ್ಪಾಗಿಸುತ್ತದೆ ಎಂಬ ನಂಬಿಕೆಯೂ ಗಟ್ಟಿಯಾಗಿದೆ. 1927ರಲ್ಲಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಮೆರಿಕದ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ, ಆಮೇಲೆ ಗಾಢ ಕೆಂಪಿನಲ್ಲಿ ತೆಗೆದ. ಎರಡನೆಯದರ ಕಪ್ಪು ಆಕಾಶ ಜಗತ್ಪ್ರಸಿದ್ಧವಾಯಿತು. ಅದು ಎತ್ತರದ ಬೆಟ್ಟದ ಶುಭ್ರ ನೀಲಿ ಆಕಾಶ. ನಮ್ಮ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ 170 ಅಡಿ ಎತ್ತರದಿಂದ ತುಂಬಿ ಧುಮುಕುವುದು ಮಳೆಗಾಲದಲ್ಲಿ, ಆಗ ತಲೆಯ ಮೇಲಿರುವುದು ಬೂದು ಮೋಡ. ನೀಲಿಯೇ ಇಲ್ಲದ ಕಡೆ ಕೆಂಪು ಗಾಜಿಗೆ ತಡೆಯಲು ಏನಿದೆ? ಮಳೆಗಾಲದ ಆ ಕೆಮ್ಮಣ್ಣಿನ ನೀರು ಮಾತ್ರ ಕೆಂಪು ಫಿಲ್ಟರಿನಲ್ಲಿ ಬೆಳ್ಳಗಾಗುತ್ತದೆ. ಹೊಳೆಯ ಆ ಭಾರ, ಆ ಕೆಸರಿನ ಗತ್ತು ಹೋಗಿಬಿಡುತ್ತದೆ. ನಾನು ಅಲ್ಲಿ ಹಸಿರು ಫಿಲ್ಟರನ್ನೇ ಆರಿಸುತ್ತೇನೆ.

ಧುಮ್ಮಿಕ್ಕುವ ನೀರಿನಿಂದೇಳುವ ತುಂತುರನ್ನು ಕೆಂಪು ಫಿಲ್ಟರ್ ಸೀಳುತ್ತದೆ ಎಂಬುದೂ ಸುಳ್ಳು. ದೂರದ ಗುಡ್ಡದ ನೀಲಿ ಮಸುಕನ್ನು ಅದು ಕಡಿಮೆ ಮಾಡುವುದು ನಿಜ, ಆ ಮಸುಕಿನ ಕಣಗಳು ತೀರ ಸಣ್ಣವು. ನೀರಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ.

ನೀಲಿ ಆಕಾಶವೇ ಬೇಕಿದ್ದರೆ ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳಿಗೆ ಚಳಿಗಾಲದಲ್ಲಿ ಹೋಗಿ. ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಗುಮ್ಮಟದ ಹಿಂದಿನ ನೀಲಿ ಕಿತ್ತಳೆ ಫಿಲ್ಟರಿಗೇ ಸಾಕಷ್ಟು ಗಾಢವಾಗುತ್ತದೆ. ಮೂಡಲಗಿ ಕಡೆಯ ಕಬ್ಬಿನ ಹೊಲಕ್ಕೆ ಹಳದಿ-ಹಸಿರು ಒಳ್ಳೆಯದು, ಒಂದೊಂದು ಗರಿಯೂ ಬಿಡಿಯಾಗಿ ಕಾಣುತ್ತದೆ. ಕೆಂಪು ಫಿಲ್ಟರಿನಲ್ಲಿ ಎಲೆ ಹಿಮದಂತೆ ಬೆಳ್ಳಗಾಗುತ್ತದೆ ಎನ್ನುವವರು ಇನ್‌ಫ್ರಾರೆಡ್ ಫಿಲಮ್ಮಿನ ಚಿತ್ರ ನೋಡಿ ಹಾಗೆ ಹೇಳುತ್ತಾರೆ. ಸಾಮಾನ್ಯ ಫಿಲಮ್ಮಿನಲ್ಲಿ ಎಲೆ ಕಪ್ಪೇ ಆಗುತ್ತದೆ.

ಬೆಳಕಿನ ಲೆಕ್ಕದಲ್ಲಿ ಆಗುವ ತಪ್ಪೂ ಒಂದಿದೆ. 25ನೇ ನಂಬರಿನ ಕೆಂಪು ಫಿಲ್ಟರಿನ ಫ್ಯಾಕ್ಟರ್ 8 ಎಂದರೆ 8 ಸ್ಟಾಪ್ ಅಲ್ಲ, ಎಂಟು ಪಟ್ಟು ಬೆಳಕು, ಅಂದರೆ 3 ಸ್ಟಾಪ್. ಎಫ್/16 ಇದ್ದದ್ದು ಎಫ್/5.6 ಆಗಬೇಕು. ಹಳದಿಗೆ ಸುಮಾರು 1 ಸ್ಟಾಪ್ ಸಾಕು. ಕ್ಯಾಮೆರಾದೊಳಗಿನ ಮೀಟರ್ ಎಲ್ಲ ನೋಡಿಕೊಳ್ಳುತ್ತದೆ ಎಂದು ಬಿಡಬೇಡಿ, ಗಾಢ ಕೆಂಪಿಗೆ ಕೆಲವು ಮೀಟರುಗಳು ಮೋಸ ಹೋಗುತ್ತವೆ. ಫಿಲ್ಟರ್ ತೆಗೆದು ಅಳೆದು, ಆಮೇಲೆ ಕೂಡಿಸಿ.

“ಸ್ಕ್ಯಾನ್ ಮಾಡಿದ ಮೇಲೆ ಸರಿಪಡಿಸಿದರಾಯ್ತು” ಎಂಬ ಮಾತು ಬಣ್ಣದ ಡಿಜಿಟಲ್ ಫೈಲಿಗೆ ಹೊಂದುತ್ತದೆ, ಅದರಲ್ಲಿ ಬಣ್ಣ ಇನ್ನೂ ಉಳಿದಿರುತ್ತದೆ. ಕಪ್ಪು-ಬಿಳುಪು ನೆಗೆಟಿವಿನಲ್ಲಿ ಬಣ್ಣವೇ ಇಲ್ಲ. ಎರಡು ಬಣ್ಣ ಒಂದೇ ಬೂದಾಗಿ ಕೂತ ಮೇಲೆ ಯಾವ ಸಾಫ್ಟ್‌ವೇರೂ ಅವನ್ನು ಬೇರೆ ಮಾಡಲಾರದು. ಚಿಗವ್ವನ ಕುಂಕುಮವನ್ನು ಕೊನೆಗೆ ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷಿನಿಂದ ನಾನೇ ತಿದ್ದಿದೆ.

ಒಂದೇ ಫಿಲ್ಟರ್ ಕೊಳ್ಳುವಷ್ಟು ಹಣವಿದ್ದರೆ ಹಳದಿ ಕೊಳ್ಳಿ. ಕೆಂಪನ್ನೂ ಕೊಂಡರೆ, ಹಣೆಗೆ ಕುಂಕುಮವಿಟ್ಟವರು ಎದುರು ಬಂದು ನಿಂತಾಗ ದಯವಿಟ್ಟು ಅದನ್ನು ಬಿಚ್ಚಿ ಕಿಸೆಯಲ್ಲಿಡಿ.