ವೇಗದ ಕಾರಿಗೆ ತಿರುವಿನ ಲೆಕ್ಕ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಸುಯ್ಯೆಂದು ಸಾಗುವ ಕಾರುಗಳೆಂದರೆ ಹುಮನಾಬಾದ್, ಬಸವಕಲ್ಯಾಣದ ಹುಡುಗರಿಗೆ ಕಣ್ಣಿಗೆ ಹಬ್ಬ. ಇದೇ ಹೆದ್ದಾರಿ ಮುಟ್ಟುವ ಹೈದರಾಬಾದಿನಲ್ಲಿ 2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ಸುತ್ತಲ ರಸ್ತೆಗಳಲ್ಲೇ ಫಾರ್ಮುಲಾ ಇ ವಿದ್ಯುತ್ ಕಾರುಗಳ ಓಟ ನಡೆಯಿತು. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಮರ್ಸಿಡಿಸ್ ಕಾರಿನೊಡನೆ ಜರ್ಮನಿಯ ಡಿಟಿಎಂ ಸರಣಿಗಿಳಿದ ಮೊದಲ ಭಾರತೀಯ.

ಇಂಥ ಕಾರಿನ ನಿಜವಾದ ಪರೀಕ್ಷೆ ನೇರ ದಾರಿಯಲ್ಲಲ್ಲ, ತಿರುವಿನಲ್ಲಿ. ಅಲ್ಲಿ ಕಾರನ್ನು ಹಿಡಿದಿಡುವುದು ಟೈರು–ರಸ್ತೆಗಳ ನಡುವಿನ ಘರ್ಷಣೆ. ಸಮತಟ್ಟಾದ ತಿರುವಿನಲ್ಲಿ ಗರಿಷ್ಠ ವೇಗದ ವರ್ಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ತ್ರಿಜ್ಯಗಳ ಗುಣಲಬ್ಧಕ್ಕೆ ಸಮ. ತ್ರಿಜ್ಯ 50 ಮೀಟರ್, ಘರ್ಷಣಾಂಕ 0.8 ಎನ್ನಿ. ಮಿತಿ ಗಂಟೆಗೆ ಸುಮಾರು 71 ಕಿ.ಮೀ. ಮಳೆ ಬಿದ್ದು ಘರ್ಷಣಾಂಕ 0.4ಕ್ಕೆ ಇಳಿದರೆ 50 ಕಿ.ಮೀ. ಮಾತ್ರ. ಈ ಸೂತ್ರದಲ್ಲಿ ಕಾರಿನ ತೂಕವೇ ಇಲ್ಲ. ಬೆಲೆಯಂತೂ ಇಲ್ಲವೇ ಇಲ್ಲ!

ಹಾಗಾದರೆ ಓಟದ ಕಾರು ಗೆಲ್ಲುವುದೆಲ್ಲಿ? ಅದರ ಮೆತ್ತನೆಯ, ಗೀರುಗಳಿಲ್ಲದ ಟೈರು ಒಣ ನೆಲವನ್ನು ಬಿಗಿಯಾಗಿ ಕಚ್ಚುತ್ತದೆ. ಹಿಂಬದಿಯ ರೆಕ್ಕೆಯ ಮೇಲೆ ಬೀಸುವ ಗಾಳಿ ಕಾರನ್ನು ನೆಲಕ್ಕೊತ್ತುತ್ತದೆ. ಚಾಲಕ ತಿರುವಿಗೆ ಮೊದಲೇ ಬ್ರೇಕ್ ಹಾಕಿ, ಹೊರ ಅಂಚಿನಿಂದ ಒಳ ಅಂಚಿಗೆ ಬಂದು, ಮತ್ತೆ ಹೊರ ಅಂಚಿಗೆ ಸಾಗುತ್ತಾನೆ. ಇದರಿಂದ ದಾರಿಯ ತ್ರಿಜ್ಯ ಹಿಗ್ಗುತ್ತದೆ, ವೇಗದ ಮಿತಿಯೂ ಏರುತ್ತದೆ.

ಈ ಜಾಣ್ಮೆಗೆ ರಸ್ತೆಯ ಪೂರ್ಣ ಅಗಲ ಬೇಕು. ಓಟದ ಪಥದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ನಮ್ಮ ಊರ ರಸ್ತೆಯ ತಿರುವಿನಲ್ಲಾದರೋ ಆ ಇನ್ನೊಂದು ಅರ್ಧದಲ್ಲಿ ಹಿಂದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಂತಿರಬಹುದು.