ಕೀಲಿ ಮಗನ ಕೈಯಲ್ಲಿ, ನೋಟಿಸು ತಂದೆಯ ಹೆಸರಿಗೆ

ದ್ವಿತೀಯ ಪಿಯುಸಿ ಮುಗಿಸುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬುತ್ತದೆ. ಪರೀಕ್ಷೆ ಮುಗಿದ ಕೂಡಲೇ ಹಲವರು ಮಾಡುವ ಮೊದಲ ಕೆಲಸ ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕುವುದು. ತೋಡಾರಿನ ಮೂಲಕ ಹಾದುಹೋಗುವ ಮಂಗಳೂರು–ಮೂಡುಬಿದಿರೆ ರಸ್ತೆ ರಾಷ್ಟ್ರೀಯ ಹೆದ್ದಾರಿ 169ರ ಭಾಗ. ಬಸ್ಸು, ಟಿಪ್ಪರ್, ಕಾಲೇಜು ವಾಹನಗಳು, ಸ್ಕೂಟರುಗಳು ಎಲ್ಲವೂ ಒಂದೇ ದಾರಿಯಲ್ಲಿ ಓಡುತ್ತವೆ. ಇಂಥ ರಸ್ತೆಯಲ್ಲಿ ಕಾರು ಓಡಿಸಲು ಹೊರಡುವವರು ಸ್ಟಿಯರಿಂಗ್ ಕಲಿತರೆ ಸಾಲದು, ವಿಮೆಯ ವಿಷಯವನ್ನೂ ಸ್ವಲ್ಪ ತಿಳಿದಿರಬೇಕು.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಹತ್ತೊಂಬತ್ತರ ಹುಡುಗನೊಬ್ಬ ಮನೆಯ ಕಾರನ್ನು ತಿರುವಿನಲ್ಲಿ ಸ್ಕೂಟರಿಗೆ ತಾಗಿಸುತ್ತಾನೆ. ಸ್ಕೂಟರಿನವರು ಬೀಳುತ್ತಾರೆ, ಎದ್ದು ನಿಲ್ಲುತ್ತಾರೆ. ಜನ ಸೇರುತ್ತಾರೆ. "ಪೊಲೀಸ್ ಎಲ್ಲ ಯಾಕೆ, ಇಲ್ಲೇ ಮುಗಿಸಿ" ಎಂದು ಯಾರೋ ಹೇಳುತ್ತಾರೆ. ಮೂರು ಸಾವಿರ ರೂಪಾಯಿ ಕೊಟ್ಟು ಹುಡುಗ ಮನೆಗೆ ಬರುತ್ತಾನೆ, ಯಾರಿಗೂ ಹೇಳುವುದಿಲ್ಲ. ತಿಂಗಳುಗಳ ನಂತರ ಮಂಗಳೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟಿಸು ಬರುತ್ತದೆ. ಬಿದ್ದವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದೆ, ಅವರು ಲಕ್ಷಗಟ್ಟಲೆ ಪರಿಹಾರ ಕೇಳಿದ್ದಾರೆ. ನೋಟಿಸಿನಲ್ಲಿ ಹುಡುಗನ ಹೆಸರಿನ ಜೊತೆಗೆ ಸೌದಿಯಲ್ಲೋ ದುಬೈಯಲ್ಲೋ ದುಡಿಯುತ್ತಿರುವ ತಂದೆಯ ಹೆಸರೂ ಇದೆ. ಕಾರಿನ ಆರ್‌ಸಿ ಇರುವುದು ಅವರ ಹೆಸರಿನಲ್ಲಿ.

ಆಗ ಮನೆಯಲ್ಲಿ ಮೊದಲು ಬರುವ ಮಾತು, "ಇಷ್ಟು ದಿನ ಸುಮ್ಮನಿದ್ದು ಈಗ ಕೇಸ್ ಹಾಕಿದ್ದಾರೆ, ಇದು ಸುಳ್ಳು ಕೇಸ್" ಎಂಬುದು. ಹಾಗೆ ತೀರ್ಮಾನಿಸುವ ಮೊದಲು ಕಾನೂನು ಏನು ಹೇಳುತ್ತದೆ ಎಂದು ನೋಡೋಣ.

ತಡವಾದರೆ ಕೇಸು ಬಿದ್ದುಹೋಗುತ್ತದೆಯೇ?

1988ರ ಮೋಟಾರು ವಾಹನ ಕಾಯ್ದೆ ಮೊದಲು ಜಾರಿಗೆ ಬಂದಾಗ ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿ ಇತ್ತು. 1994ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 2019ರ ತಿದ್ದುಪಡಿ ಅದೇ ಮಿತಿಯನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಆದರೆ ಈ ಮಿತಿಯನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದು ಎಂದು ಆ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು.

ಇನ್ನೊಂದು ದಾರಿಯೂ ಇದೆ. 2022ರ ನಿಯಮಗಳ ಪ್ರಕಾರ ಅಪಘಾತದ ಬಗ್ಗೆ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನಗಳೊಳಗೆ ಸವಿವರ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಕಾಯ್ದೆಯ 166ನೇ ಕಲಮಿನಂತೆ ಪೊಲೀಸ್ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಬಹುದು. ಎಫ್‌ಐಆರ್ ತಡವಾಗಿ ದಾಖಲಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದೂ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಗಾಯಾಳುವಿನ ಮನೆಯವರು ಮೊದಲು ಓಡುವುದು ಆಸ್ಪತ್ರೆಗೆ, ಠಾಣೆಗಲ್ಲ ಎಂಬುದು ಅದರ ಹಿಂದಿನ ವಿಚಾರ. ಅದರರ್ಥ ವಿಳಂಬವನ್ನು ಯಾರೂ ಪ್ರಶ್ನಿಸಬಾರದು ಎಂದಲ್ಲ. ವಾಹನ ಬದಲಿಸಿ ಹೇಳಿದ್ದಾರೆ, ಗಾಯ ಬೇರೆ ಕಾರಣದಿಂದ ಆದದ್ದು ಎಂಬ ಅನುಮಾನ ನಿಜವಾಗಿ ಇದ್ದರೆ ನ್ಯಾಯಮಂಡಳಿಯಲ್ಲಿ ಅದನ್ನು ಸಾಕ್ಷ್ಯದೊಂದಿಗೆ ಹೇಳಬೇಕು. ಹೇಳಲು ಹಾಜರಾಗಿರಬೇಕು.

ರಸ್ತೆ ಬದಿಯ ರಾಜಿ

ಸ್ಥಳದಲ್ಲೇ ಕೊಟ್ಟ ಹಣದಿಂದ ಗಾಯಾಳುವಿನ ಕಾನೂನುಬದ್ಧ ಹಕ್ಕು ಮುಗಿಯುವುದಿಲ್ಲ. ಬಿದ್ದ ದಿನ ನೋವು ಕಾಣದೆ, ವಾರದ ನಂತರ ಎಲುಬು ಬಿರುಕು ಬಿಟ್ಟದ್ದು ಗೊತ್ತಾಗುವುದೂ ಉಂಟು. ಅಲ್ಲದೆ ವಿಮಾ ಪಾಲಿಸಿಯ ಹಿಂಬದಿಯ ಷರತ್ತುಗಳನ್ನು ಓದಿದರೆ ಸಾಮಾನ್ಯವಾಗಿ ಎರಡು ಮಾತು ಕಾಣುತ್ತವೆ. ಅಪಘಾತವಾದ ಕೂಡಲೇ ಕಂಪೆನಿಗೆ ಲಿಖಿತವಾಗಿ ತಿಳಿಸಬೇಕು. ಕಂಪೆನಿಯ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆಯನ್ನಾಗಲಿ ಹಣದ ಭರವಸೆಯನ್ನಾಗಲಿ ಕೊಡಬಾರದು. ರಸ್ತೆ ಬದಿಯಲ್ಲಿ ಮುಗಿಸುವ ರಾಜಿ ಈ ಎರಡನ್ನೂ ಮುರಿಯುತ್ತದೆ.

ಚಾಲಕನ ಕರ್ತವ್ಯವನ್ನು ಕಾಯ್ದೆಯ 134ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಗಾಯಾಳುವಿಗೆ ವೈದ್ಯಕೀಯ ನೆರವು ಸಿಗುವಂತೆ ನೋಡಿಕೊಳ್ಳಬೇಕು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು, ವಿಮಾ ಕಂಪೆನಿಗೂ ವಿವರ ಕೊಡಬೇಕು.

ಯಾರು ಹಣ ಕಟ್ಟಬೇಕು?

ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಮ್ಮ ಕಾರನ್ನು ಕಾಯುವ ವಿಮೆಯಲ್ಲ, ನಮ್ಮ ಕಾರಿನಿಂದ ನೊಂದವರನ್ನು ಕಾಯುವ ವಿಮೆ. ಚಾಲಕನಿಗೆ ಸರಿಯಾದ ಲೈಸೆನ್ಸ್ ಇದ್ದು ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ಕಂಪೆನಿಯೇ ಪರಿಹಾರ ಕಟ್ಟುತ್ತದೆ. ಹುಡುಗ ಚಿಕ್ಕವನು, ಹೊಸಬ ಎಂಬ ಕಾರಣಕ್ಕೆ ಅದು ಹಿಂದೆ ಸರಿಯುವಂತಿಲ್ಲ.

ಲೈಸೆನ್ಸ್ ಇಲ್ಲದಿದ್ದರೆ ಕಥೆಯೇ ಬೇರೆ. 2004ರಲ್ಲಿ ಸುಪ್ರೀಂ ಕೋರ್ಟು, 2020ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ, "ಮೊದಲು ಕೊಡು, ಮತ್ತೆ ವಸೂಲಿ ಮಾಡು" ಎಂಬ ತತ್ವವನ್ನು ವಿವರಿಸಿವೆ. ಕಂಪೆನಿ ಮೊದಲು ಗಾಯಾಳುವಿಗೆ ಹಣ ಕೊಡುತ್ತದೆ, ನಂತರ ವಾಹನದ ಮಾಲೀಕರಿಂದ ವಸೂಲಿ ಮಾಡುತ್ತದೆ. ನೊಂದವರು ಬೀದಿಪಾಲಾಗಬಾರದು ಎಂಬುದು ಇದರ ಉದ್ದೇಶ. ಆದರೆ ಕೊನೆಯ ಹೊರೆ ಬೀಳುವುದು ಆರ್‌ಸಿಯಲ್ಲಿ ಹೆಸರಿರುವವರ ಮೇಲೆ. ಅವರು ಅಪಘಾತದ ದಿನ ಊರಿನಲ್ಲೇ ಇರಲಿಲ್ಲ ಎಂಬುದು ಇಲ್ಲಿ ಸಾಕಾಗುವುದಿಲ್ಲ. ಅಪ್ರಾಪ್ತ ಹುಡುಗನೊಬ್ಬ ತನ್ನ ಅರಿವಿಲ್ಲದೆ ಬೈಕು ಒಯ್ದನೆಂದು ಹೇಳಿದ ಮಾಲೀಕರಿಂದಲೇ ಪರಿಹಾರ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪು ನೀಡಿದೆ. ಪಾಲಿಸಿಯೇ ಮುಗಿದುಹೋಗಿದ್ದರೆ ಮೊದಲು ಕೊಡಲು ಕಂಪೆನಿಯೂ ಇರುವುದಿಲ್ಲ.

ಹದಿನೆಂಟು ತುಂಬದವರ ವಿಷಯದಲ್ಲಿ 199ಎ ಕಲಮು ಇನ್ನೂ ಕಠಿಣ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಇದರ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತಿರಲಿಲ್ಲ, ತಡೆಯಲು ಎಚ್ಚರ ವಹಿಸಿದ್ದೆ ಎಂದು ತೋರಿಸುವ ಹೊಣೆ ಹಿರಿಯರದ್ದೇ. ಕೀಲಿ ಗೋಡೆಯ ಮೊಳೆಯಲ್ಲಿ ಎಲ್ಲರ ಕೈಗೆಟಕುವಂತೆ ತೂಗುತ್ತಿದ್ದರೆ ಅದನ್ನು ತೋರಿಸುವುದು ಕಷ್ಟ.

ನೋಟಿಸು ಬಂದಾಗ ಏನು ಮಾಡಬೇಕು?

ಮೊದಲನೆಯದು, ನೋಟಿಸನ್ನು ಬಚ್ಚಿಡಬೇಡಿ, ವಾಪಸು ಕಳಿಸಬೇಡಿ. ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯವಾಗಿ ತೀರ್ಪು ಆಗಬಹುದು, ಪರಿಹಾರದ ಮೊತ್ತಕ್ಕೆ ಬಡ್ಡಿಯೂ ಸೇರಬಹುದು.

ಎರಡನೆಯದು, ನೋಟಿಸಿನ ಪ್ರತಿಯನ್ನು ಅಪಘಾತದ ದಿನ ಚಾಲ್ತಿಯಲ್ಲಿದ್ದ ಪಾಲಿಸಿಯ ಕಂಪೆನಿಗೆ ಆ ವಾರವೇ ತಲುಪಿಸಿ ಸ್ವೀಕೃತಿ ಪಡೆಯಿರಿ. ಈ ವರ್ಷ ಕಂಪೆನಿ ಬದಲಿಸಿದ್ದರೆ ಹಳೆಯ ಪಾಲಿಸಿಯೇ ಬೇಕು, ಹೊಸದಲ್ಲ. ಆದ್ದರಿಂದ ಹಳೆಯ ಪಾಲಿಸಿಗಳನ್ನು ಎಸೆಯಬಾರದು.

ಮೂರನೆಯದು, ಆರ್‌ಸಿ, ಲೈಸೆನ್ಸ್, ಪಾಲಿಸಿ, ಅಂದು ತೆಗೆದ ಫೋಟೋಗಳು, ಕೊಟ್ಟ ಹಣದ ದಾಖಲೆ, ಕಂಡವರ ವಿವರ ಇವನ್ನೆಲ್ಲ ಒಂದೆಡೆ ಸೇರಿಸಿ. ಹೊಸ ದಾಖಲೆ ಸೃಷ್ಟಿಸುವ, "ಕಾರು ಓಡಿಸಿದ್ದು ಅಣ್ಣ" ಎಂದು ಹೆಸರು ಬದಲಿಸುವ ಯೋಚನೆ ಬೇಡ. ಅದು ವಿಮೆಯ ತೊಂದರೆಯನ್ನು ಕ್ರಿಮಿನಲ್ ತೊಂದರೆಯಾಗಿ ಮಾಡುತ್ತದೆ.

ನಾಲ್ಕನೆಯದು, ಕಂಪೆನಿಯ ವಕೀಲರು ಕಂಪೆನಿಯ ಪರ. ಲೈಸೆನ್ಸಿನ ತಕರಾರು ಇದ್ದರೆ ಅವರ ವಾದ ನಿಮ್ಮ ವಿರುದ್ಧವೇ ಇರುತ್ತದೆ. ಹಾಗಾಗಿ ಮಾಲೀಕರು ತಮ್ಮದೇ ವಕೀಲರ ಮೂಲಕ ಉತ್ತರ ಸಲ್ಲಿಸುವುದು ಒಳ್ಳೆಯದು. ತಂದೆ ವಿದೇಶದಲ್ಲಿದ್ದರೆ ಅವರ ವಕಾಲತ್ತಿಗೆ ಸಮಯ ಬೇಕು, ಅದಕ್ಕಾಗಿಯೇ ಮೊದಲ ದಿನವೇ ಅವರಿಗೆ ತಿಳಿಸಬೇಕು. ಕಾನೂನು ನೆರವು ಬೇಕಾದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು, ಸಹಾಯವಾಣಿ 15100. ಎರಡೂ ಕಡೆಯವರು ಒಪ್ಪಿದರೆ ಲೋಕ ಅದಾಲತ್‌ನಲ್ಲಿ ಕಂಪೆನಿಯನ್ನೂ ಕೂರಿಸಿಕೊಂಡು ರಾಜಿ ಮಾಡಿಕೊಳ್ಳಬಹುದು. ರಸ್ತೆ ಬದಿಯ ರಾಜಿಗೆ ಇಲ್ಲದ ಬೆಲೆ ಆ ರಾಜಿಗೆ ಇದೆ.

ಇದೇ ಕಾನೂನನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ನಾಳೆ ಸ್ಕೂಟರಿನಿಂದ ಬೀಳುವವರು ನಮ್ಮ ತಾಯಿಯೋ ಕಾಲೇಜಿಗೆ ನಡೆದು ಬರುವ ಗೆಳತಿಯೋ ಆಗಬಹುದು. ಆಗ ನಾವೂ ಮೊದಲು ಆಸ್ಪತ್ರೆಗೇ ಓಡುತ್ತೇವೆ, ಕೇಸು ಆಮೇಲೆ. ಆದ್ದರಿಂದ ತಡವಾಗಿ ಬಂದ ಕ್ಲೇಮನ್ನು ಮೊದಲೇ ಮೋಸ ಎನ್ನದೆ, ಕಾಗದಪತ್ರ ನೋಡಿ ಉತ್ತರಿಸುವುದು ಸರಿಯಾದ ದಾರಿ.

ಇಂದು ಸಂಜೆ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಎಂ-ಪರಿವಾಹನ್ ಆ್ಯಪಿನಲ್ಲಿ ನಿಮ್ಮ ಮನೆಯ ವಾಹನದ ಸಂಖ್ಯೆ ಹಾಕಿ ವಿಮೆ ಎಂದಿನವರೆಗೆ ಇದೆ ನೋಡಿ. ಮುಗಿಯುವ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಲೈಸೆನ್ಸ್ ಕೈಗೆ ಬರುವವರೆಗೆ ಕೀಲಿ ಕೇಳಬೇಡಿ. ಬಂದ ಮೇಲೆ ಎಂದಾದರೂ ಕಾರು ಯಾರಿಗಾದರೂ ತಾಗಿದರೆ, ಅದು ಎಷ್ಟು ಸಣ್ಣದೆಂದು ಕಂಡರೂ, ಅಂದೇ ಮನೆಯಲ್ಲಿ ಹೇಳಿ.