ಯಾರು, ಯಾವಾಗ ಕರೆಯಬೇಕು? ತೀರ್ಮಾನ ನಮ್ಮದು

ಸಾಲ ಬೇಕೇ ಎಂಬ ಕರೆ, ರಿಯಾಯಿತಿಯ ಎಸ್ಸೆಮ್ಮೆಸ್, ಬೇಡದ ವಾಟ್ಸ್‌ಆ್ಯಪ್ ಗುಂಪು, ಜಾಹೀರಾತು ತುಂಬಿದ ಇಮೇಲ್. ಮೊಬೈಲ್ ಇಟ್ಟುಕೊಂಡ ಮೇಲೆ ಇದೆಲ್ಲ ಇದ್ದದ್ದೇ ಎಂದು ನಾವು ಬಹಳ ಕಾಲ ನಂಬಿದ್ದೆವು. ಹಾಗೇನಿಲ್ಲ. ತಡೆಯುವ ಅಧಿಕಾರ ನಮಗಿದೆ. ಅದನ್ನು ಬಳಸದಂತೆ ಮಾಡಿರುವುದು ಕೆಲವು ತಪ್ಪು ತಿಳಿವಳಿಕೆಗಳು.

ತಪ್ಪು ಕಲ್ಪನೆ 1: ಡಿಎನ್‌ಡಿ ಹಾಕಿಸಿದರೆ ಬ್ಯಾಂಕಿನ ಒಟಿಪಿಯೂ ನಿಂತುಹೋಗುತ್ತದೆ.

ವಾಸ್ತವ: ನಿಲ್ಲುವುದಿಲ್ಲ. ಡಿಎನ್‌ಡಿ, ಅಂದರೆ ಬೇಡದ ಕರೆ, ಸಂದೇಶಗಳ ವಿರುದ್ಧದ ನೋಂದಣಿ, ತಡೆಯುವುದು ಪ್ರಚಾರವನ್ನು, ಒಟಿಪಿ ಪ್ರಚಾರವಲ್ಲ. ಎಲ್ಲವನ್ನೂ ಒಟ್ಟಿಗೆ ತಡೆಯಬೇಕೆಂದೂ ಇಲ್ಲ. 1909ಕ್ಕೆ ಕರೆ ಮಾಡಿ ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ ಹೀಗೆ ಬೇಡದ ವಿಭಾಗವನ್ನಷ್ಟೇ ತಡೆಯಬಹುದು.

ತಪ್ಪು ಕಲ್ಪನೆ 2: ಡಿಎನ್‌ಡಿ ಇದ್ದರೂ ಕರೆಗಳು ಬರುತ್ತವೆ, ಆದ್ದರಿಂದ ಅದು ದಂಡ.

ವಾಸ್ತವ: ನಿಯಮದಂತೆ ನೋಂದಾಯಿಸಿಕೊಂಡ ಕಂಪನಿಗಳನ್ನು ಅದು ತಡೆಯುತ್ತದೆ. ಮಾಮೂಲಿ ಹತ್ತಂಕಿಯ ನಂಬರಿನಿಂದ ಕಾಡುವವರನ್ನು ಹಿಡಿಯಲು ನಮ್ಮ ದೂರು ಬೇಕು. ಕರೆ ಬಂದ 7 ದಿನದೊಳಗೆ 1909ಕ್ಕೆ ಅಥವಾ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಬಹುದು. ಟ್ರಾಯ್ ನಿಯಮಗಳ 2025ರ ತಿದ್ದುಪಡಿಯ ನಂತರ, ಇಂಥವರ ಮೇಲೆ ದೂರಲು ಡಿಎನ್‌ಡಿ ಹಾಕಿಸಿರಲೇಬೇಕು ಎಂದಿಲ್ಲ.

ತಪ್ಪು ಕಲ್ಪನೆ 3: ಒಂದು ಕಡೆ ಬ್ಲಾಕ್ ಮಾಡಿದರೆ ಎಲ್ಲ ಕಡೆಯೂ ಆದಂತೆ.

ವಾಸ್ತವ: ಮನೆಗೆ ಮೂರು ಬಾಗಿಲಿದ್ದರೆ ಮೂರಕ್ಕೂ ಚಿಲಕ ಹಾಕಬೇಕು. ಫೋನಿನಲ್ಲಿ ಬ್ಲಾಕ್ ಆದವರು ವಾಟ್ಸ್‌ಆ್ಯಪ್‌ನಲ್ಲಿ ಕರೆಯಬಲ್ಲರು. ಡಿಎನ್‌ಡಿ ಅಲ್ಲಿಗೆ ತಲುಪುವುದಿಲ್ಲ. ಅಪರಿಚಿತರ ಕರೆಯ ಸದ್ದಡಗಿಸುವ ಸೌಲಭ್ಯ 2023ರಿಂದ ವಾಟ್ಸ್‌ಆ್ಯಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲೇ ಇದೆ. ನಮ್ಮನ್ನು ಗುಂಪಿಗೆ ಯಾರು ಸೇರಿಸಬಹುದೆಂದೂ ಅಲ್ಲೇ ಗೊತ್ತುಮಾಡಬಹುದು. ಇನ್ನು ಇಮೇಲ್. ರಾಶಿರಾಶಿ ಜಾಹೀರಾತು ಕಳಿಸುವವರು ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಕೊಡಲೇಬೇಕೆಂದು ಜಿಮೇಲ್, ಯಾಹೂ 2024ರಲ್ಲಿ ನಿಯಮ ತಂದಿವೆ. ಕಳಿಸಿದವರ ಗುರುತೇ ಇಲ್ಲದ ಮೇಲ್ ಆದರೆ ಒಳಗಿನ ಲಿಂಕ್ ಮುಟ್ಟದೆ ಸ್ಪ್ಯಾಮ್‌ಗೆ ತಳ್ಳಿ.

ತಪ್ಪು ಕಲ್ಪನೆ 4: ರಾತ್ರಿ ಫೋನಿನ ಸದ್ದಡಗಿಸಿದರೆ ತುರ್ತು ಕರೆ ತಪ್ಪಿಹೋಗುತ್ತದೆ.

ವಾಸ್ತವ: ಪೂರ್ತಿ ಸೈಲೆಂಟ್ ಮಾಡಿದರೆ ತಪ್ಪೀತು. ಫೋನಿನ ಸೆಟ್ಟಿಂಗ್‌ನಲ್ಲೇ ಇರುವ ಡು ನಾಟ್ ಡಿಸ್ಟರ್ಬ್ (1909ರ ಡಿಎನ್‌ಡಿ ಬೇರೆ) ಹಾಗಲ್ಲ. ಊರಿನಲ್ಲಿರುವ ಅಪ್ಪ ಅಮ್ಮನ ಕರೆಗೆ ಮಾತ್ರ ಅದರಲ್ಲಿ ವಿನಾಯಿತಿ ಕೊಡಬಹುದು. ಅದೇ ನಂಬರಿನಿಂದ ಮತ್ತೆ ಕರೆ ಬಂದರೆ (ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ) ಸದ್ದು ಮಾಡುವಂತೆಯೂ ಇಡಬಹುದು.

ತಪ್ಪು ಕಲ್ಪನೆ 5: ಗೊತ್ತಿಲ್ಲದ ನಂಬರಿನ ಕರೆ ಎತ್ತಿದರೆ ಸಾಕು, ಖಾತೆ ಖಾಲಿ.

ವಾಸ್ತವ: ಈ ಭಯಕ್ಕೆ ಕಾರಣವಿದೆ, ಮೋಸ ಹೋದವರು ನಮ್ಮ ನಡುವೆಯೇ ಇದ್ದಾರೆ. ಆದರೆ ಹಣ ಹೋಗುವುದು ಕರೆ ಎತ್ತಿದ್ದರಿಂದಲ್ಲ. ಒಟಿಪಿ ಹೇಳಿದಾಗ, ಕರೆ ಮಾಡಿದವರು ಕಳಿಸಿದ ಆ್ಯಪ್ ಹಾಕಿಕೊಂಡಾಗ, ಪೊಲೀಸರೆಂದು ಬೆದರಿಸಿದವರಿಗೆ ನಾವೇ ಕಳಿಸಿದಾಗ. ಅವರು ಹೇಳುವ ಡಿಜಿಟಲ್ ಅರೆಸ್ಟ್, ಅಂದರೆ ಕರೆಯಲ್ಲೇ ಬಂಧಿಸುವುದು, ನಮ್ಮ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಪ್ಪು ಕಲ್ಪನೆ 6: ಕೂಡಲೇ ಉತ್ತರಿಸದಿದ್ದರೆ ಅಗೌರವ.

ವಾಸ್ತವ: ಸಂದೇಶ, ಇಮೇಲ್ ಎರಡೂ ನಮ್ಮ ಬಿಡುವಿಗಾಗಿ ಕಾಯುವಂತೆಯೇ ರೂಪುಗೊಂಡವು. ಮನೆಯವರ ಜೊತೆ, ಸಹೋದ್ಯೋಗಿಗಳ ಜೊತೆ ಒಂದು ಮಾತು ಮಾಡಿಕೊಳ್ಳೋಣ: ತುರ್ತಿಗೆ ಕರೆ, ಇವತ್ತೇ ಆಗಬೇಕಾದ್ದಕ್ಕೆ ಸಂದೇಶ, ನಾಳೆಗೂ ನಡೆಯುವುದಕ್ಕೆ ಇಮೇಲ್. ಇಷ್ಟಾದರೆ ಫೋನ್ ಸದ್ದು ಮಾಡಿದಾಗ ಎದ್ದು ಹೋಗಲು ನಿಜವಾದ ಕಾರಣವಿರುತ್ತದೆ.